ನಿಜಾಮನ ಲಾರಿಗಳ ಮೇಲಿನ ತಾಡಪತ್ರಿ ಮತ್ತು ನಿಮ್ಮ ಕಾರಿನ ಕವರ್

ಹೈದರಾಬಾದಿನ ನಿಜಾಮ ಸಾದಾ ಬಟ್ಟೆಯಲ್ಲಿ ಲಂಡನ್ನಿನ ರೋಲ್ಸ್ ರಾಯ್ಸ್ ಶೋರೂಮಿಗೆ ಹೋದ, ಅಲ್ಲಿಯ ಸೇಲ್ಸ್‌ಮನ್ ಬಡವನೆಂದು ತಿಳಿದು ಹೊರಗೆ ಕಳಿಸಿದ, ಸಿಟ್ಟಿಗೆದ್ದ ನಿಜಾಮ ಅಲ್ಲಿದ್ದ ಕಾರುಗಳನ್ನೆಲ್ಲ ಕೊಂಡು ತಂದು ಊರಿನ ಕಸ ಎತ್ತಲು ಬಿಟ್ಟ. ಈ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬೇಕು. ಇದೇ ಕಥೆ ಅಲ್ವರ್ ಮಹಾರಾಜನ ಹೆಸರಿನಲ್ಲೂ ಓಡಾಡುತ್ತದೆ, ಪಟಿಯಾಲ ಮತ್ತು ಭರತಪುರದ ರಾಜರ ಹೆಸರಿನಲ್ಲೂ ಓಡಾಡುತ್ತದೆ. ರಾಜ ಬದಲಾಗುತ್ತಾನೆ, ಸೇಲ್ಸ್‌ಮನ್ ಮಾತ್ರ ಅವನೇ. ನಾಲ್ಕು ರಾಜರಿಗೆ ಒಂದೇ ಅವಮಾನ, ಒಂದೇ ಸೇಡು ಎಂದರೆ ನಂಬುವುದು ಕಷ್ಟ. ಈ ಫಾರ್ವರ್ಡ್ ಜೊತೆಗೆ ಆ ಕಾಲದ ಒಂದು ಬಿಲ್ಲಾಗಲಿ ಪತ್ರವಾಗಲಿ ಬರುವುದಿಲ್ಲ.

ಕೊನೆಯ ನಿಜಾಮನ ವಾಹನಗಳ ಬಗ್ಗೆ ಇನ್ನೊಂದು ಕಥೆ ಇದೆ. ಅದು ಕಸದ ಕಥೆಯಷ್ಟು ಖಾರ ಇಲ್ಲ, ಹಾಗಾಗಿ ಯಾರೂ ಅದನ್ನು ಫಾರ್ವರ್ಡ್ ಮಾಡುವುದಿಲ್ಲ. ಆತನ ಎಷ್ಟೋ ಕಾರು, ಲಾರಿಗಳು ಓಡಿ ಓಡಿ ಸವೆಯಲಿಲ್ಲ, ನಿಂತಲ್ಲೇ ಕೆಟ್ಟವು. ಕೆಲವು ತಾಡಪತ್ರಿ ಹೊದ್ದುಕೊಂಡೇ ಕೆಟ್ಟವು. ಕಲಬುರಗಿ ಪಕ್ಕದ ಶರಣಸಿರಸಗಿಯಲ್ಲಿ ಮನೆ ಮುಂದಿನ ಬಯಲಲ್ಲಿ ಕಾರು ನಿಲ್ಲಿಸುವವರಿಗೆ, ಈ ಬೇಸಿಗೆಗಾದರೂ ಒಂದು ಕವರ್ ಕೊಳ್ಳೋಣ ಎಂದು ಮೊಬೈಲಿನಲ್ಲಿ ಹುಡುಕುತ್ತಿರುವವರಿಗೆ ಈ ಕಥೆ ಕೆಲಸಕ್ಕೆ ಬರುತ್ತದೆ. 1948ರ ತನಕ ಶರಣಸಿರಸಗಿಯೂ ಆತನ ರಾಜ್ಯದಲ್ಲೇ ಇತ್ತು.

ಅಪ್ಪ ತರಿಸಿದ ಕಾರು, ಮಗ ಹತ್ತಿದ ಕಾರು

ಮೀರ್ ಉಸ್ಮಾನ್ ಅಲಿ ಖಾನ್ ಹುಟ್ಟಿದ್ದು 1886ರ ಏಪ್ರಿಲ್‌ನಲ್ಲಿ, ಹೈದರಾಬಾದಿನ ಪುರಾನಿ ಹವೇಲಿ ಅರಮನೆಯಲ್ಲಿ. ಅಪ್ಪ ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಕಲಬುರಗಿಯವರು ದಿನಾ ಹೇಳುವ ಎಂಎಸ್‌ಕೆ ಮಿಲ್ ಎಂಬ ಹೆಸರಿನಲ್ಲಿರುವ ಮಹಬೂಬ್ ಇವನೇ. ಅಪ್ಪನದು ದುಂದಿನ ಕೈ. ಒಮ್ಮೆ ಹಾಕಿದ ಬಟ್ಟೆಯನ್ನು ಮತ್ತೆ ಹಾಕುತ್ತಿರಲಿಲ್ಲ ಎನ್ನುತ್ತಾರೆ, ಆತನ ಬಟ್ಟೆ ಇಡುವ ಮರದ ಬೀರುಗಳ ಉದ್ದನೆ ಸಾಲು ಪುರಾನಿ ಹವೇಲಿಯಲ್ಲಿ ಇಂದಿಗೂ ಇದೆ.

ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಗೆ ಒಂದು ಸಿಲ್ವರ್ ಘೋಸ್ಟ್ ಕಾರಿಗೆ ಆರ್ಡರ್ ಕೊಟ್ಟವನೂ ಮಹಬೂಬನೇ. ಬಾರ್ಕರ್ ಎಂಬ ಕಂಪನಿ ಅದಕ್ಕೆ ಮೈ ಕಟ್ಟಿತು. ಹಳದಿ ಬಣ್ಣ, ಹಿಂದಿನ ಆಸನ ಸಿಂಹಾಸನದ ಹಾಗೆ ಎತ್ತರಕ್ಕೆ. ಕಾರು ಬಂದು ಮುಟ್ಟುವ ಮೊದಲೇ, 1911ರ ಆಗಸ್ಟ್‌ನಲ್ಲಿ ಮಹಬೂಬ್ ತೀರಿಕೊಂಡ. 25 ವರ್ಷದ ಉಸ್ಮಾನ್ ಗದ್ದುಗೆ ಹತ್ತಿದ, ಆ ಕಾರನ್ನೂ ಹತ್ತಿದ. ಹತ್ತಿದ್ದು ಮಾತ್ರ ಹಬ್ಬ, ಮೆರವಣಿಗೆ, ದರ್ಬಾರಿನಂಥ ದಿನಗಳಲ್ಲಿ. ಹತ್ತಾರು ವರ್ಷಗಳಲ್ಲಿ ಅದು ಓಡಿದ್ದು ಕೆಲವೇ ನೂರು ಮೈಲಿ. ನಮ್ಮ ಕಡೆಯ ಬಾಡಿಗೆ ಕಾರು ಒಂದು ವಾರದಲ್ಲಿ ಓಡುವಷ್ಟು.

ಅಂದಿನ ಕಾರಿನ ಬಣ್ಣದ ಬಗ್ಗೆ ಒಂದು ಮಾತು. ಸಾರೋಟಿಗೆ ಬಳಿಯುತ್ತಿದ್ದ ಹಾಗೆಯೇ ಕಾರಿಗೂ ಎಣ್ಣೆ ಬಣ್ಣ, ಅದರ ಮೇಲೆ ವಾರ್ನಿಷ್, ಒಂದು ಒಣಗಿದ ಮೇಲೆ ಇನ್ನೊಂದು, ಹೀಗೆ ವಾರಗಟ್ಟಲೆ ಕೈಯಲ್ಲಿ ಬಳಿಯುತ್ತಿದ್ದರು. ಆ ವಾರ್ನಿಷ್ ಬಿಸಿಲಿಗೆ ಬೇಗ ಹಳದಿಯಾಗುತ್ತಿತ್ತು, ಬಿರಿಯುತ್ತಿತ್ತು. ಈಗಿನ ಕಾರಿಗೆ ತಗಡು, ಪ್ರೈಮರ್, ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಹೊಳಪು ಕೊಡುವುದೂ, ಬಿಸಿಲನ್ನು ಮೊದಲು ಎದುರಿಸುವುದೂ ಈ ಕ್ಲಿಯರ್ ಕೋಟೇ. ಅದರ ದಪ್ಪ ನಮ್ಮ ತಲೆಗೂದಲಿಗಿಂತ ಕಡಿಮೆ. ಸೂರ್ಯನ ಅತಿನೇರಳೆ ಕಿರಣ ಅದರ ರಾಸಾಯನಿಕ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಮೊದಲು ಮಂಕಾಗುತ್ತದೆ, ಆಮೇಲೆ ಬಾನೆಟ್ ಮೇಲೆ, ಛಾವಣಿ ಮೇಲೆ ಸಿಪ್ಪೆ ಎದ್ದ ಹಾಗೆ ಬಿಳಿ ಮಚ್ಚೆ ಏಳುತ್ತದೆ. ಹಾಗೆ ಆದ ಮೇಲೆ ಯಾವ ಪಾಲಿಶ್ ಹಚ್ಚಿದರೂ ಪ್ರಯೋಜನವಿಲ್ಲ, ಮತ್ತೆ ಪೇಂಟೇ ಮಾಡಿಸಬೇಕು. ಕವರ್ ಬೇಕು ಎನ್ನುವುದಕ್ಕೆ ಮೊದಲ ಕಾರಣ ಇದು. ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಯಾಗುವುದೂ ಇದೇ ಕಿರಣದಿಂದ.

ಜಿಪುಣನೋ ಉದಾರಿಯೋ

ಮಗ ಅಪ್ಪನಿಗೆ ತದ್ವಿರುದ್ಧ. ಒಂದೇ ಟೋಪಿಯನ್ನು ವರ್ಷಾನುಗಟ್ಟಲೆ ಹಾಕಿಕೊಂಡ, ಮಾಸಿದ ಶೇರ್ವಾನಿಯಲ್ಲೇ ಓಡಾಡಿದ ಎಂದು ಕಂಡವರು ಬರೆದಿದ್ದಾರೆ. ಅಪ್ಪನ ಚಪ್ಪಲಿಯ ತುದಿಯಲ್ಲಿ ಸಿಕ್ಕ ಜೇಕಬ್ ವಜ್ರವನ್ನು, ಸುಮಾರು 185 ಕ್ಯಾರೆಟ್‌ನದ್ದು, ಕಾಗದ ಹಾರದಂತೆ ಒತ್ತಿಡುವ ಕಲ್ಲಾಗಿ ಬಳಸಿದ. 1995ರಲ್ಲಿ ಭಾರತ ಸರ್ಕಾರ ಕೊಂಡ ನಿಜಾಮರ ಆಭರಣಗಳಲ್ಲಿ ಆ ವಜ್ರವೂ ಸೇರಿದೆ. 1937ರ ಫೆಬ್ರುವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಎಂದು ಆತನ ಚಿತ್ರವನ್ನು ಮುಖಪುಟಕ್ಕೆ ಹಾಕಿತು.

ರಾಜ್ಯದ ಕೆಲಸಕ್ಕೆ ಮಾತ್ರ ಆತನ ಕೈ ಅಷ್ಟು ಬಿಗಿ ಇರಲಿಲ್ಲ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಿದ್ದರು. ಆಮೇಲೆ ನಮ್ಮ ವಿಶ್ವೇಶ್ವರಯ್ಯನವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳು 1920ರ ದಶಕದಲ್ಲಿ ಎದ್ದವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು, ನಂತರ ಅದೇ ಹೆಸರಿನ ದೊಡ್ಡಾಸ್ಪತ್ರೆ ಬಂತು. ವಿಶ್ವವಿದ್ಯಾಲಯದ ಪಾಠ ಉರ್ದುವಿನಲ್ಲಿ. ಕಲಬುರಗಿ, ಬೀದರ, ರಾಯಚೂರಿನ ಕನ್ನಡದ ಮಕ್ಕಳೂ ಅದರಲ್ಲೇ ಓದಬೇಕಾಯಿತು. ಕಲಬುರಗಿಗೆ ಬಂದಾಗ ನಿಜಾಮ ಇಳಿದುಕೊಳ್ಳುತ್ತಿದ್ದ ಐವಾನ್-ಎ-ಶಾಹಿ ಈಗ ಸರ್ಕಾರಿ ಅತಿಥಿಗೃಹ.

ಕಾರಿನ ವಿಷಯಕ್ಕೆ ಬರೋಣ. ಲ್ಯಾರಿ ಕಾಲಿನ್ಸ್ ಮತ್ತು ಡೊಮಿನಿಕ್ ಲ್ಯಾಪಿಯರ್ 1975ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ರಾಜಧಾನಿಯಲ್ಲಿ ಯಾರದಾದರೂ ಒಳ್ಳೆ ಕಾರು ಕಣ್ಣಿಗೆ ಬಿದ್ದರೆ ಸಾಕು, ಅದನ್ನು ಕಾಣಿಕೆಯಾಗಿ ಕೊಟ್ಟರೆ ಪ್ರಭುಗಳಿಗೆ ಸಂತೋಷ ಎಂದು ನಿಜಾಮ ಹೇಳಿ ಕಳಿಸುತ್ತಿದ್ದನಂತೆ. ಹಾಗೆ ಸೇರಿದ ನೂರಾರು ಕಾರುಗಳನ್ನು ಆತ ಹತ್ತಲೇ ಇಲ್ಲವಂತೆ. ಆ ಲೇಖಕರಿಗೆ ರುಚಿಯಾದ ಕಥೆ ಎಂದರೆ ಇಷ್ಟ, ಆದ್ದರಿಂದ ನೂರಾರು ಎನ್ನುವ ಲೆಕ್ಕವನ್ನು ನಾವು ಸ್ವಲ್ಪ ಕಡಿಮೆ ಮಾಡಿಯೇ ಓದುತ್ತೇವೆ. ಬೇಕಾದ್ದಕ್ಕಿಂತ ಬಹಳ ಹೆಚ್ಚು ಕಾರು ಇದ್ದವು, ಅವು ನಿಂತೇ ಇದ್ದವು ಎನ್ನುವುದು ಮಾತ್ರ ಬೇರೆಯವರ ಬರಹಗಳಿಂದಲೂ ತಿಳಿಯುತ್ತದೆ.

ತಾಡಪತ್ರಿಯ ಕೆಳಗೆ ಚಿನ್ನ, ಚಿನ್ನದ ಕೆಳಗೆ ಕೊಳೆತ ಟೈರು

ಎರಡನೇ ಮಹಾಯುದ್ಧ ಮುಗಿದು ಬ್ರಿಟಿಷರು ಹೊರಡುವ ಹೊತ್ತಿಗೆ ನಿಜಾಮನಿಗೆ ನಿದ್ದೆ ಇರಲಿಲ್ಲ. ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ, ಸ್ವತಂತ್ರವಾಗಿ ಇರುತ್ತೇನೆ ಎಂದು ಹಟ ಹಿಡಿದಿದ್ದ. ಏನಾದರೂ ಎಡವಟ್ಟಾದರೆ ಸಂಪತ್ತನ್ನು ಸಾಗಿಸಬೇಕಲ್ಲ, ಅದಕ್ಕೆ ಲಾರಿಗಳನ್ನು ತುಂಬಿಸಿ ನಿಲ್ಲಿಸಿದ್ದ. ಐರಿಸ್ ಪೋರ್ಟಲ್ ಎಂಬ ಇಂಗ್ಲಿಷ್ ಮಹಿಳೆ ಬ್ರಿಟಿಷರ ಕಾಲದಲ್ಲಿ ಹೈದರಾಬಾದಿನಲ್ಲಿದ್ದರು. ನಿಜಾಮನ ಸೊಸೆ ನಿಲೋಫರ್ ಅವರಿಗೆ ಆ ಲಾರಿಗಳನ್ನು ತೋರಿಸಿದ್ದನ್ನು ಮುಪ್ಪಿನಲ್ಲಿ ನೆನೆಸಿಕೊಂಡಿದ್ದಾರೆ, ಇತಿಹಾಸಕಾರ ವಿಲಿಯಂ ಡಾಲ್ರಿಂಪಲ್ ಅದನ್ನು ದಾಖಲಿಸಿದ್ದಾರೆ. ಧೂಳು ಹಿಡಿದ ಲಾರಿಗಳು. ಟೈರು ಕೊಳೆತು ಗಾಳಿ ಇಳಿದಿದ್ದವು. ತಾಡಪತ್ರಿ ಸರಿಸಿದರೆ ಒಳಗೆ ರತ್ನ, ಮುತ್ತು, ಚಿನ್ನದ ನಾಣ್ಯ. ಓಡಿಹೋಗಲೆಂದು ಸಿದ್ಧ ಮಾಡಿದ ಲಾರಿ ಒಂದು ಹೆಜ್ಜೆಯೂ ಮುಂದೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ.

ಕಾಲಿನ್ಸ್ ಮತ್ತು ಲ್ಯಾಪಿಯರ್ ಪ್ರಕಾರ ಲಾರಿಗಳು ಅರಮನೆಯ ತೋಟದಲ್ಲಿ ಚಿನ್ನದ ಗಟ್ಟಿಗಳ ಭಾರಕ್ಕೆ ಅಚ್ಚಿನವರೆಗೂ ಕೆಸರಲ್ಲಿ ಹೂತಿದ್ದವು. ಎಲ್ಲಿ ನಿಂತಿದ್ದವು, ಏನು ತುಂಬಿತ್ತು ಎನ್ನುವುದರಲ್ಲಿ ಇಬ್ಬರ ಮಾತಿಗೂ ವ್ಯತ್ಯಾಸ ಇದೆ. ನಿಂತಲ್ಲೇ ಕೆಲಸಕ್ಕೆ ಬಾರದಾದವು ಎನ್ನುವುದರಲ್ಲಿ ವ್ಯತ್ಯಾಸ ಇಲ್ಲ.

ನಿಂತ ಗಾಡಿಯ ಟೈರು ಯಾಕೆ ಕೊಳೆಯುತ್ತದೆ? ಗಾಳಿಯಲ್ಲಿ ಸ್ವಲ್ಪ ಓಝೋನ್ ಯಾವಾಗಲೂ ಇರುತ್ತದೆ. ಹಿಗ್ಗಿದ ರಬ್ಬರಿನ ಕೊಂಡಿಗಳನ್ನು ಅದು ತುಂಡು ಮಾಡುತ್ತದೆ, ಟೈರಿನ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಏಳುತ್ತವೆ. ಈಗಿನ ಟೈರಿನ ರಬ್ಬರಿಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಗಾಡಿ ಓಡುವಾಗ ಟೈರು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಆ ಮೇಣ ಒಳಗಿನಿಂದ ಮೇಲಕ್ಕೆ ಬಂದು ತೆಳುವಾದ ಪದರ ಕಟ್ಟಿ ಕಾಯುತ್ತದೆ. ಗಾಡಿ ನಿಂತರೆ ಮೇಣ ಮೇಲಕ್ಕೆ ಬರುವುದು ಕಡಿಮೆಯಾಗುತ್ತದೆ. ಜೊತೆಗೆ ಇಡೀ ಭಾರ ಟೈರಿನ ಒಂದೇ ಜಾಗದ ಮೇಲೆ ಕೂರುತ್ತದೆ, ಅಲ್ಲಿ ಚಪ್ಪಟೆಯಾಗುತ್ತದೆ. ನಿಜಾಮನ ಲಾರಿಯ ಟೈರು ನೈಸರ್ಗಿಕ ರಬ್ಬರಿನ ಹಳೆ ಕಾಲದವು, ಮೇಲೆ ಮಣಗಟ್ಟಲೆ ಭಾರ. ತಾಡಪತ್ರಿ ಎಷ್ಟೇ ಗಟ್ಟಿ ಇದ್ದರೂ ಅದು ಮುಚ್ಚಿದ್ದು ಮೇಲಿನ ಮಾಲನ್ನು ಮಾತ್ರ.

ಮಗನಿಗೋ ಅಳಿಯನಿಗೋ ಬೆಂಗಳೂರು, ಪುಣೆಯಲ್ಲಿ ಕೆಲಸ, ಕಾರು ಊರಲ್ಲಿ. ಇಂಥ ಮನೆಗಳು ಶರಣಸಿರಸಗಿಯಲ್ಲೂ ಇವೆ, ಕಮಲಾಪುರದಲ್ಲೂ ಇವೆ. ಅಂಥವರು ಕವರಿಗೆ ಎಷ್ಟು ದುಡ್ಡು ಹಾಕಿದರೂ ಸರಿ, ವಾರಕ್ಕೊಮ್ಮೆ ಯಾರಾದರೂ ಕವರ್ ತೆಗೆದು ಕಾರನ್ನು ನಾಲ್ಕಾರು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸಬೇಕು. ಟೈರು, ಬ್ಯಾಟರಿ, ಬ್ರೇಕ್ ಮೂರಕ್ಕೂ ಅದು ಬೇಕು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯದೊಳಗೆ ಬಂತು, 17ರಂದು ನಿಜಾಮ ಶರಣಾದ. ಅದಕ್ಕೆ ಮುಂಚೆ ರಜಾಕಾರರ ಹಾವಳಿಯಲ್ಲಿ ಈ ಭಾಗದ ಹಳ್ಳಿಗಳು ಕಂಡ ನೋವು ಸಣ್ಣದಲ್ಲ, ಸೇನೆ ಬಂದ ಮೇಲೆ ನಡೆದ ಹಿಂಸೆಯಲ್ಲಿ ಸತ್ತ ಮುಸ್ಲಿಮರ ಸಂಖ್ಯೆಯೂ ಸಣ್ಣದಲ್ಲ. ಕಲಬುರಗಿಯಲ್ಲಿ ಸೆಪ್ಟೆಂಬರ್ 17ರ ಧ್ವಜಾರೋಹಣ ಆ ದಿನದ ನೆನಪಿಗೇ. ನಿಜಾಮನ ಹೆಸರು ಬಂದರೆ ಇಲ್ಲಿ ಒಂದು ಮನೆಯಲ್ಲಿ ಹೊಗಳುತ್ತಾರೆ, ಪಕ್ಕದ ಮನೆಯಲ್ಲಿ ಬಯ್ಯುತ್ತಾರೆ. ಇಬ್ಬರ ಹತ್ತಿರವೂ ಕಾರಣ ಇದೆ. 1950ರಿಂದ 1956ರ ತನಕ ಆತ ರಾಜಪ್ರಮುಖನಾಗಿದ್ದ. 1956ರ ನವೆಂಬರ್ 1ಕ್ಕೆ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು, ಆ ಹುದ್ದೆಯೂ ಮುಗಿಯಿತು.

ಇನ್ನೊಂದು ಫಾರ್ವರ್ಡ್ ಇಲ್ಲೇ ಮುಗಿಸಿಬಿಡೋಣ. 1965ರ ಯುದ್ಧದ ಹೊತ್ತಿಗೆ ಶಾಸ್ತ್ರಿಯವರು ಕೇಳಿದ ಕೂಡಲೇ ನಿಜಾಮ 5,000 ಕೆಜಿ ಚಿನ್ನ ದಾನ ಮಾಡಿದ ಎನ್ನುವುದು. ಮಾಹಿತಿ ಹಕ್ಕಿನಡಿ ಕೇಳಿದಾಗ ರಾಷ್ಟ್ರೀಯ ರಕ್ಷಣಾ ನಿಧಿಯಲ್ಲಿ ಅಂಥ ದಾನದ ದಾಖಲೆ ಸಿಗಲಿಲ್ಲ. ಆತ 425 ಕೆಜಿ ಚಿನ್ನವನ್ನು ಸರ್ಕಾರದ ಚಿನ್ನದ ಬಾಂಡ್‌ನಲ್ಲಿ ಶೇ 6.5 ಬಡ್ಡಿಗೆ ಹೂಡಿದ್ದ. ಕಷ್ಟಕಾಲದಲ್ಲಿ ಸರ್ಕಾರಕ್ಕೆ ಚಿನ್ನ ಕೊಟ್ಟದ್ದು ನಿಜ, ಅದು ದಾನ ಎನ್ನುವುದೂ 5,000 ಕೆಜಿ ಎನ್ನುವುದೂ ನಿಜವಲ್ಲ.

ಉಸ್ಮಾನ್ ಅಲಿ ಖಾನ್ ಕಿಂಗ್ ಕೋಠಿ ಅರಮನೆಯಲ್ಲಿ 1967ರ ಫೆಬ್ರುವರಿ 24ರಂದು ತೀರಿಕೊಂಡ. ಎದುರಿನ ಜೂದಿ ಮಸೀದಿಯಲ್ಲಿ ಆತನ ಸಮಾಧಿ ಇದೆ. ಅಧಿಕಾರ ವಹಿಸಿಕೊಂಡ ಮೊಮ್ಮಗ ಮುಕರ್ರಂ ಜಾಹ್‌ಗೆ ಸಿಕ್ಕ ಲೆಕ್ಕ ಹೀಗಿತ್ತು ಎಂದು ಡಾಲ್ರಿಂಪಲ್ ಬರೆಯುತ್ತಾರೆ: ಪೆಟ್ರೋಲು, ಬಿಡಿಭಾಗ ಎಂದು ಪ್ರತಿ ವರ್ಷ ಭಾರೀ ಖರ್ಚು ಬರೆದಿದ್ದ 60 ಕಾರುಗಳಲ್ಲಿ ಓಡುತ್ತಿದ್ದದ್ದು ನಾಲ್ಕು. ಪಟ್ಟಾಭಿಷೇಕ ಮುಗಿಸಿ ಹೊರಟ ಕಾರೂ ದಾರಿಯಲ್ಲಿ ಕೆಟ್ಟು ನಿಂತಿತು.

ನಮ್ಮ ಬಿಸಿಲಿಗೆ ಎಂಥ ಬಟ್ಟೆ?

ಅರಮನೆ ಬಿಟ್ಟು ಈಗ ನಮ್ಮ ಮನೆ ಮುಂದಿನ ಕಾರಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸುತ್ತ 42, 43 ಡಿಗ್ರಿ ಹೊಸದಲ್ಲ. ಅಂಥ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುತ್ತದೆ, ಡ್ಯಾಶ್‌ಬೋರ್ಡ್ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಜೂನ್‌ಗೆ ಮುಂಚೆ ಧೂಳಿನ ಗಾಳಿ, ಆಮೇಲೆ ಮಳೆ, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊಟ್ಟು ಮತ್ತು ಬೆಳಗಿನ ಇಬ್ಬನಿ. ಒಂದೇ ಬಟ್ಟೆ ಇಷ್ಟೂ ಕೆಲಸ ಮಾಡಬೇಕು.

ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವುದು ಪ್ಲಾಸ್ಟಿಕ್ ಅಥವಾ ಪಿವಿಸಿ ಹಾಳೆಯಂಥ ಕವರ್. ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ ಎಂದು ಅಂಗಡಿಯವರು ತೋರಿಸುತ್ತಾರೆ, ಅದು ನಿಜವೂ ಹೌದು. ತೊಂದರೆ ಏನೆಂದರೆ ಒಳಗಿನ ತೇವ ಹೊರಗೂ ಹೋಗುವುದಿಲ್ಲ. ಚಳಿಗಾಲದ ರಾತ್ರಿ ಕಾರಿನ ತಗಡು ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. ಕವರಿನ ಕೆಳಗೆ ಸಿಕ್ಕಿಕೊಂಡ ಗಾಳಿಯ ತೇವ ತಗಡಿನ ಮೇಲೆ ಹನಿಗಟ್ಟುತ್ತದೆ. ಬೆಳಿಗ್ಗೆ ಬಿಸಿಲೇರಿದಾಗ ಅದು ಆವಿಯಾಗಿ, ಹೋಗಲು ದಾರಿ ಇಲ್ಲದೆ, ಇಡ್ಲಿ ಪಾತ್ರೆಯೊಳಗಿನ ಹಾಗೆ ಅಲ್ಲೇ ಸುತ್ತುತ್ತದೆ. ಗೀರು ಬಿದ್ದಲ್ಲಿ ತುಕ್ಕು ಶುರುವಾಗಲು ಇಷ್ಟು ಸಾಕು. ಪಿವಿಸಿಯನ್ನು ಮೆತ್ತಗೆ ಇಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕವೂ ಸುಡುಬಿಸಿಲಿಗೆ ಹೊರಬಂದು ಬಣ್ಣಕ್ಕೆ ಅಂಟುತ್ತದೆ. ಹೊಲಕ್ಕೆ ತಂದ ತಾಡಪತ್ರಿಯನ್ನೇ ಕಾರಿಗೆ ಹೊದಿಸುವವರೂ ಇದ್ದಾರೆ. ಅದಕ್ಕೂ ಇದೇ ತೊಂದರೆ. ಅದರ ಒರಟು ಅಂಚು, ಹಗ್ಗ ಪೋಣಿಸುವ ಲೋಹದ ಕಣ್ಣು ಗೀರುವುದು ಬೇರೆ.

ದಪ್ಪ ಹತ್ತಿ ಬಟ್ಟೆ ಮೆತ್ತಗಿದೆ, ಉಸಿರಾಡುತ್ತದೆ. ಮನೆಯೊಳಗೆ, ಗ್ಯಾರೇಜಿನೊಳಗೆ ನಿಲ್ಲುವ ಕಾರಿಗೆ ಅದು ಚೆಂದ. ಬಯಲಿಗೆ ಬೇಡ. ಮಳೆ ನೀರು ಹೀರಿ ಒದ್ದೆ ಕಂಬಳಿಯ ಹಾಗೆ ಕಾರಿಗೆ ಅಪ್ಪಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ.

ಬಯಲಿಗೆ ಉಳಿಯುವುದು ಎರಡು. ಒಂದು, ಬೆಳ್ಳಿ ಬಣ್ಣದ ಲೇಪನ ಇರುವ ಪಾಲಿಯೆಸ್ಟರ್. ಬೆಳ್ಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅದು ಮೇಲ್ಮುಖವಾಗಿಯೇ ಇರಬೇಕು. ಇನ್ನೊಂದು, ಮೂರು ನಾಲ್ಕು ಪದರ ಒತ್ತಿ ಮಾಡಿದ ನೇಯದ ಬಟ್ಟೆ. ಅದರ ನಡುವಿನ ತೆಳು ಹಾಳೆಯ ರಂಧ್ರಗಳು ನೀರಿನ ಹನಿ ನುಗ್ಗಲಾರದಷ್ಟು ಸಣ್ಣವು, ಆವಿ ದಾಟುವಷ್ಟು ದೊಡ್ಡವು. ವರ್ಷವಿಡೀ ಬಯಲಲ್ಲಿ ನಿಲ್ಲುವ ಕಾರಿಗೆ ಈ ಎರಡನೆಯದು ಮೇಲು, ಬೆಲೆ ಹೆಚ್ಚು. ಬಜೆಟ್ ಕಡಿಮೆ ಇದ್ದರೆ ಬೆಳ್ಳಿ ಪಾಲಿಯೆಸ್ಟರ್ ಸಾಕು, ಒಳಮೈಗೆ ಮೆತ್ತನೆ ಅಸ್ತರ್ ಇರುವುದನ್ನು ನೋಡಿ. ಕಪ್ಪು ಕವರ್ ನೋಡಲು ಸ್ಟೈಲಾಗಿ ಕಾಣುತ್ತದೆ, ಕಲಬುರಗಿಗೆ ಅದನ್ನು ಯಾಕೆ ಮಾರುತ್ತಾರೋ ನಮಗೆ ಅರ್ಥವಾಗಿಲ್ಲ.

ಪ್ಯಾಕೆಟ್ ಮೇಲಿನ ಅಂಕಿ ನೋಡಿ ಮರುಳಾಗಬೇಡಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎನ್ನುವುದು, ಅಷ್ಟೇ. ಭಾರ ಇದ್ದ ಮಾತ್ರಕ್ಕೆ ಬಿಸಿಲು, ಮಳೆ ತಡೆಯುತ್ತದೆ ಎಂದಲ್ಲ. 190ಟಿ ಎಂದು ಬರೆದಿದ್ದರೆ ಅದು ಒಂದು ಅಂಗುಲದಲ್ಲಿ ಅಡ್ಡ ಉದ್ದ ಸೇರಿ ಎಷ್ಟು ಎಳೆ ಎಂಬ ಲೆಕ್ಕ. ನೂರಕ್ಕೆ ನೂರು ವಾಟರ್‌ಪ್ರೂಫ್ ಎಂದು ಬರೆದಿದ್ದರೆ ಹೊಲಿಗೆ ತಿರುವಿ ನೋಡಿ. ಸೂಜಿ ಚುಚ್ಚಿದ ಪ್ರತಿ ತೂತೂ ನೀರಿಗೆ ಬಾಗಿಲು, ಒಳಗಿನಿಂದ ಹೊಲಿಗೆ ಮೇಲೆ ಪಟ್ಟಿ ಅಂಟಿಸಿರದಿದ್ದರೆ ಜೋರು ಮಳೆಗೆ ಅಲ್ಲಿ ಸೋರುತ್ತದೆ.

ಮನೆಗೆ ತಂದ ಮೇಲೆ, ವಾಪಸ್ ಕೊಡುವ ದಿನ ಮುಗಿಯುವ ಮೊದಲು, ಒಂದು ಪರೀಕ್ಷೆ ಮಾಡಿ. ಒಂದು ಲೋಟದಲ್ಲಿ ಬಿಸಿ ನೀರು ಹಾಕಿ, ಕವರಿನ ಒಂದು ಮೂಲೆಯನ್ನು ಅದರ ಬಾಯಿಗೆ ಬಿಗಿಯಾಗಿ ಹಿಡಿದು, ಮೇಲೆ ತಣ್ಣನೆ ಸ್ಟೀಲ್ ತಟ್ಟೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ತಟ್ಟೆಗೆ ಮಂಜು ಕಟ್ಟಿದರೆ ಬಟ್ಟೆ ಆವಿ ಬಿಡುತ್ತದೆ. ತಟ್ಟೆ ಒಣಗಿಯೇ ಇದ್ದರೆ ಅದು ಪ್ಲಾಸ್ಟಿಕ್ ಹಾಳೆಗಿಂತ ಬೇರೆ ಅಲ್ಲ. ಇನ್ನೊಂದು ಮೂಲೆಯನ್ನು ಬಟ್ಟಲಿನ ಹಾಗೆ ತಗ್ಗು ಮಾಡಿ ನೀರು ಹಾಕಿಡಿ, 10 ನಿಮಿಷಕ್ಕೆ ಕೆಳಗೆ ತೊಟ್ಟಿಕ್ಕಬಾರದು.

ಅಳತೆ ನಿಮ್ಮ ಕಾರಿನ ಮಾದರಿಯದೇ ಇರಲಿ. ಹ್ಯಾಚ್‌ಬ್ಯಾಕ್ ಸೈಜ್ ಎಂದು ಕೊಡುವ ಸಡಿಲ ಕವರ್ ಗಾಳಿಗೆ ಪಟಪಟ ಬಡಿಯುತ್ತದೆ. ಮೇ ತಿಂಗಳ ಸಂಜೆಯ ಗಾಳಿ ಗೊತ್ತಲ್ಲ? ಕೆಳಗೆ ಎಲಾಸ್ಟಿಕ್, ಹೊಟ್ಟೆಯ ಕೆಳಗಿಂದ ಕಟ್ಟುವ ಪಟ್ಟಿ, ಅದಕ್ಕೆ ಪ್ಲಾಸ್ಟಿಕ್ ಬಕಲ್ ಇರಬೇಕು. ಕಬ್ಬಿಣದ ಕೊಂಡಿ ಬೇಡ. ಕನ್ನಡಿಗೆ ಬೇರೆ ಜೇಬು ಹೊಲಿದಿದ್ದರೆ ಕವರ್ ಜಾರುವುದಿಲ್ಲ.

ಕವರ್ ಹಾಕದಿರುವುದೇ ಒಳ್ಳೆಯದಾದಾಗ

ಇದನ್ನು ಕವರ್ ಮಾರುವವರು ಹೇಳುವುದಿಲ್ಲ. ನಮ್ಮ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಧೂಳು ಕೂತ ಕಾರಿನ ಮೇಲೆ ಕವರ್ ಎಳೆದರೆ ಮರಳು ಕಾಗದದಿಂದ ಉಜ್ಜಿದ ಹಾಗೆ. ಒಮ್ಮೆಗೆ ಕಾಣುವುದಿಲ್ಲ, ಆರು ತಿಂಗಳಿಗೆ ಜೇಡರ ಬಲೆಯಂಥ ಸಣ್ಣ ಗೀರುಗಳು ಬಿಸಿಲಲ್ಲಿ ಹೊಳೆಯುತ್ತವೆ. ದಿನಾ ಎರಡು ಮೂರು ಸಲ ಹೊರಗೆ ಹೋಗುವ ಕಾರನ್ನು ಪ್ರತಿ ಸಲ ತೊಳೆದು, ಒರೆಸಿ, ಒಣಗಿಸಿ ಕವರ್ ಹಾಕುವವರು ಯಾರು? ಅಂಥವರಿಗೆ ನಮ್ಮ ಸಲಹೆ ನೇರ: ಪೂರ್ತಿ ಕವರ್ ಬಿಡಿ. ಬೇವಿನ ಮರದ ನೆರಳು, ತಗಡಿನ ಒಂದು ಚಪ್ಪರ, ಮುಂದಿನ ಗಾಜಿಗೆ ಬೆಳ್ಳಿ ಪರದೆ, ವರ್ಷಕ್ಕೆ ಮೂರು ನಾಲ್ಕು ಸಲ ವ್ಯಾಕ್ಸ್, ಇಷ್ಟು ಸಾಕು. ಮರದ ಕೆಳಗೆ ಹಕ್ಕಿ ಹಿಕ್ಕೆ ಬಿದ್ದರೆ ಅಂದೇ ನೀರು ಹಾಕಿ ನೆನೆಸಿ ತೆಗೆಯಿರಿ. ಅದು ಬಿಸಿಲಲ್ಲಿ ಒಣಗಿದರೆ ಬಣ್ಣವನ್ನು ಕಚ್ಚಿ ಕಲೆ ಬಿಡುತ್ತದೆ.

ಕವರ್ ಹಾಕಿದರೆ ಬೇಸಿಗೆಯಲ್ಲಿ ಕಾರಿಗೆ ಬೆಂಕಿ ಹತ್ತುತ್ತದೆ ಎಂಬ ಫಾರ್ವರ್ಡ್‌ಗೂ ಹುರುಳಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಶಾಖಕ್ಕೆ ಬಟ್ಟೆಯಾಗಲಿ ಸೀಟಾಗಲಿ ಹೊತ್ತಿಕೊಳ್ಳುವುದಿಲ್ಲ. ಕಾರಿಗೆ ಬೆಂಕಿ ಹತ್ತುವುದು ಹೆಚ್ಚಾಗಿ ವೈರ್ ಶಾರ್ಟ್ ಆಗಿ, ಇಲ್ಲವೆ ಇಂಧನ ಸೋರಿ. ಆದರೆ ಓಡಿಸಿ ತಂದ ಕೂಡಲೇ ಹೊದಿಸಬೇಡಿ, ಸೈಲೆನ್ಸರ್ ಬಿಸಿಗೆ ಬಟ್ಟೆ ಕರಗುತ್ತದೆ. ಎಂಜಿನ್ ತಣ್ಣಗಾಗಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಡಿ.

ಇಲಿ ನಿಜವಾದ ಕಾಟ. ನಿಜಾಮನ ನೆಲಮಾಳಿಗೆಯಲ್ಲಿ ಹಳೆ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಲಕ್ಷಾಂತರ ಪೌಂಡ್ ನೋಟುಗಳನ್ನು ಇಲಿಗಳು ಕಡಿದು ಹಾಕಿದ ಕಥೆಯೂ ಆ ಪುಸ್ತಕಗಳಲ್ಲಿ ಇದೆ. ತಿಂಗಳುಗಟ್ಟಲೆ ಕವರ್ ಮುಚ್ಚಿದ ಕಾರು ಇಲಿಗೆ ಕತ್ತಲು, ಬೆಚ್ಚಗೆ, ಸದ್ದಿಲ್ಲದ ಮನೆ. ವೈರು ಕಡಿದರೆ ರಿಪೇರಿ ಖರ್ಚು ಕವರಿನ ಬೆಲೆಯ ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ. ತೊಗರಿ ಚೀಲ, ಹೊಟ್ಟಿನ ಬಣವೆ ಹತ್ತಿರ ಕಾರು ನಿಲ್ಲಿಸಬೇಡಿ. ವಾರಕ್ಕೊಮ್ಮೆ ಕಾರು ಹೊರತೆಗೆಯುವಾಗ ಬಾನೆಟ್ ಎತ್ತಿ ನೋಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳು. ಕಣ್ಣಾಮುಚ್ಚಾಲೆ ಆಡುತ್ತ ನಿಂತ ಕಾರಿನೊಳಗೆ ಹೊಕ್ಕು, ಬಾಗಿಲು ತೆಗೆಯಲು ಬಾರದೆ, ಸೆಕೆಗೆ ಸಿಕ್ಕಿ ಮಕ್ಕಳು ಸತ್ತ ಸುದ್ದಿ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡವರಿಗಿಂತ ಮಕ್ಕಳ ಮೈ ಬೇಗ ಕಾಯುತ್ತದೆ, ಕೆಲವು ಸಲ ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಕವರ್ ಇದ್ದರೆ ಹೊರಗಿನಿಂದ ಹೋಗುವವರಿಗೆ ಗಾಜಿನೊಳಗೆ ಏನೂ ಕಾಣುವುದಿಲ್ಲ. ಆದ್ದರಿಂದ ಹೊದಿಸುವ ಮುಂಚೆ ಒಳಗೆ ನೋಡಿ, ಲಾಕ್ ಮಾಡಿ, ಎಳೆದು ಪರೀಕ್ಷಿಸಿ. ಕೀಲಿಯನ್ನು ಮಕ್ಕಳ ಕೈಗೆ ಎಟುಕುವ ಮೊಳೆಗೆ ನೇತುಹಾಕಬೇಡಿ. ಮಗು ಕಾಣುತ್ತಿಲ್ಲ ಎಂದಾಗ ನೀರಿನ ತೊಟ್ಟಿಯ ಜೊತೆಗೇ ಕಾರಿನೊಳಗೂ ಹುಡುಕಿ.

ಮಹಬೂಬ್ ತರಿಸಿದ ಆ ಹಳದಿ ಸಿಲ್ವರ್ ಘೋಸ್ಟ್ ಉಳಿದಿದೆ. ಅದನ್ನು ದುರಸ್ತಿ ಮಾಡಿಸಿ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ, ಸೂರಿನ ಕೆಳಗೆ ಇಟ್ಟಿದ್ದಾರೆ, ಟಿಕೆಟ್ ತೆಗೆದುಕೊಂಡು ನೋಡಬಹುದು.

ನಿಮ್ಮ ಕವರ್ ಅಷ್ಟು ವರ್ಷ ಬಾಳುವುದಿಲ್ಲ. ನಮ್ಮ ಬಿಸಿಲಿಗೆ ಅದೂ ಸವೆಯುತ್ತದೆ, ಕಾರಿಗೆ ಬೀಳಬೇಕಾದ ಏಟನ್ನು ತಾನು ತಿನ್ನುತ್ತದೆ. ತಿಂಗಳಿಗೊಮ್ಮೆ ಸಾದಾ ನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ, ಒಳಮೈಯ ಧೂಳು ಕೊಡವಿ. ಒದ್ದೆ ಕವರ್ ಮಡಚಿ ಡಿಕ್ಕಿಯಲ್ಲಿ ಇಟ್ಟರೆ ಒಳಗಿನ ಲೇಪನ ಅಂಟಂಟಾಗಿ ಕಿತ್ತು ಬರುತ್ತದೆ. ಕೈಯಿಂದ ಉಜ್ಜಿದಾಗ ಬೆಳ್ಳಿ ಪುಡಿ ಬೆರಳಿಗೆ ಹತ್ತಿತು ಎಂದರೆ, ಇಲ್ಲವೆ ಬಟ್ಟೆಯನ್ನು ಆಕಾಶಕ್ಕೆ ಹಿಡಿದರೆ ಚುಕ್ಕಿ ಚುಕ್ಕಿ ಬೆಳಕು ಕಂಡಿತು ಎಂದರೆ, ಹೊಸದು ತನ್ನಿ. ಹಳೆಯದನ್ನು ಕಟ್ಟಿಗೆ, ಕುಳ್ಳು ಮುಚ್ಚಲು ಇಟ್ಟುಕೊಳ್ಳಬಹುದು. ತೊಗರಿ, ಜೋಳದ ರಾಶಿಯ ಮೇಲೆ ಮಾತ್ರ ಹಾಕಬೇಡಿ, ಆ ಬೆಳ್ಳಿ ಪುಡಿ ಕಾಳಿಗೆ ಹತ್ತುತ್ತದೆ.